ಅರ್ಧ ಚಮಚ ಉಪ್ಪು

ಪೋರ್ಟ್ ಅಗಸ್ಟಾದಲ್ಲಿ ಇವತ್ತು ನಲವತ್ತೈದು ಡಿಗ್ರಿ.
ನನಗೇನು, ನಾನು ದೇವದುರ್ಗದವಳು,
ಬಿಸಿಲು ನನ್ನ ಸೋದರಮಾವ ಎಂದು ಜಂಬ ಕೊಚ್ಚಿ
ಕಾರಿನ ಸ್ಟೀರಿಂಗ್ ಮುಟ್ಟಿ ಕೈ ಸುಟ್ಟುಕೊಂಡೆ.

ಮೂರನೇ ಮನೆ. ಮರ್ವಿನ್ ಟ್ರೆಲೋರ್, ತೊಂಬತ್ತೊಂದು.
ಕಿಟಕಿಗೆಲ್ಲ ಬೆಳ್ಳಿಹಾಳೆ ಅಂಟಿಸಿ
ಕತ್ತಲಲ್ಲಿ ರೇಡಿಯೋ ಕ್ರಿಕೆಟ್ ಕೇಳುತ್ತ ಕೂತಿದ್ದಾನೆ.
ಶರಣಮ್ಮ ಎನ್ನಲು ನಾಲಿಗೆ ಹೊರಳದೆ
ಮೊದಲ ದಿನವೇ ನನ್ನನ್ನು ಶ್ಯಾರನ್ ಮಾಡಿದವ.
ಇರಲಿ. ನನ್ನ ಮನಸ್ಸಿನಲ್ಲಿ ಅವನು ಮಾರುತಿ ಅಜ್ಜ.

ನಿನ್ನೆ ಇಟ್ಟುಹೋದ ನೀರಿನ ಲೋಟ
ಇಟ್ಟಲ್ಲೇ ಇದೆ. ಒಂದು ನೊಣ ಕುಡಿದಿದೆ,
ಕುಡಿದು ಅಲ್ಲೇ ಉಳಿದಿದೆ.
"ನೀರು ಇಂಜಿನ್ನಿಗೆ. ಮನುಷ್ಯನಿಗೆ ಚಹಾ.
ಐದು ಗಂಟೆಯ ಮೇಲೆ ಬಿಯರು."
ಮುಂಗೈ ಚರ್ಮ ಚಿವುಟಿ ಎತ್ತಿ ಬಿಟ್ಟೆ;
ಇಳಿಯಲಿಲ್ಲ, ಡೇರೆಯ ಹಾಗೆ ನಿಂತೇ ಇತ್ತು.
ವಯಸ್ಸಿನದೂ ಇರಬಹುದು.
ಆದರೆ ನಾಲಿಗೆ? ಸುಣ್ಣದ ಗೋಡೆ.

ಆಫೀಸಿಗೆ ಫೋನು ಮಾಡಿದೆ:
ಕುಡಿಸುತ್ತಿರು, ಸಂಜೆ ನರ್ಸ್ ಬರುತ್ತಾಳೆ.
ಫ್ರಿಜ್ಜಿನಲ್ಲಿ ಮಗಳು ತಂದಿಟ್ಟ ನೀಲಿ ಬಾಟಲಿ,
ಸೀಲು ಒಡೆದಿಲ್ಲ.
ಅದು ಕಿಟಕಿ ತೊಳೆಯುವ ನೀರಂತೆ, ಅಜ್ಜನ ಪ್ರಕಾರ.

ಹಿತ್ತಿಲ ಬಾಗಿಲು ತೆರೆದರೆ ಒಲೆಯ ಬಾಯಿ.
ಹೆಂಡತಿ ನೆಟ್ಟ ಲಿಂಬೆಗಿಡ, ಒಂದು ಮೈ ಸುಟ್ಟ ಹಣ್ಣು.
ನಮ್ಮ ಲಿಂಬೆಯಲ್ಲ ಇದು, ದಪ್ಪ ತೊಗಲು, ಚೂಪು ಮೂಗು,
ಆದರೂ ಹಿಂಡಿದರೆ ಹುಳಿಯೇ.

ಅವ್ವ ಅಂಗನವಾಡಿ ಟೀಚರು.
ವಾಂತಿಭೇದಿಯ ವರ್ಷ ಮನೆಮನೆ ತಿರುಗಿ ಹೇಳಿದವಳು:
"ಕಾಸಿ ಆರಿಸಿದ್ದು ಒಂದು ಲೀಟರ್ ನೀರು,
ಸಕ್ಕರಿ ಆರು ಚಮಚ, ತಲಿ ಸವರಿ.
ಉಪ್ಪು ಅರ್ಧ. ಬರೇ ಅರ್ಧ, ತಂಗಿ.
ಕಲಸಿ ಮೊದಲು ನಿನ್ನ ನಾಲಿಗಿಗೆ ಹಚ್ಚಿ ನೋಡು,
ಕಣ್ಣೀರಿಗಿಂತ ಉಪ್ಪಾಗಿರಬಾರ್ದು."
ಕಣ್ಣೀರಿನ ರುಚಿ ಎಂಥದು ಅಂತ
ಯಾವ ತಾಯಿಯೂ ಕೇಳಲಿಲ್ಲ.

ಅಜ್ಜನ ಉಪ್ಪಿನ ಡಬ್ಬಿ ಗಟ್ಟಿಯಾಗಿತ್ತು, ಕುಟ್ಟಿದೆ.
ಕಲಸಿದೆ. ಹೋಲಿಸಿ ನೋಡೋಣವೆಂದರೆ
ಕಣ್ಣೀರು ಕರೆದ ಹೊತ್ತಿಗೆ ಬರುತ್ತದೆಯೇ?
ಮೇಲ್ದುಟಿಯ ಬೆವರು ನೆಕ್ಕಿ, ಆಮೇಲೆ ಇದನ್ನು ನೆಕ್ಕಿ,
ಸರಿ ಅಂದುಕೊಂಡೆ.

ಅಜ್ಜ ಮುಖ ತಿರುಗಿಸಿದ.

ಗೋಡೆಯ ಮೇಲೊಂದು ಫೋಟೋ:
ಉಗಿಬಂಡಿಯ ಮೆಟ್ಟಿಲಲ್ಲಿ ಮಸಿ ಮೆತ್ತಿದ ಹುಡುಗ, ಕೈಯಲ್ಲಿ ಸಲಿಕೆ.
"ಬಾಯ್ಲರಿನಲ್ಲಿ ನೀರು ಎಷ್ಟಿದೆ ಅಂತ
ಹೇಗೆ ಗೊತ್ತಾಗ್ತಿತ್ತು?" ಕೇಳಿದೆ.
ಅಜ್ಜ ರೇಡಿಯೋ ಸಣ್ಣ ಮಾಡಿದ. ಅದೇ ದೊಡ್ಡ ಮರ್ಯಾದೆ.
ಗಾಜಿನ ಕೊಳವೆ, ಅಂದ, ಬೆರಳಷ್ಟು ದಪ್ಪ.
ಅದರಲ್ಲಿ ನೀರು ಕುಣಿಯುತ್ತಿರಬೇಕು.
ಕಲ್ಲಿದ್ದಲು ಮರೆತರೆ ಗಾಡಿ ನಿಂತೀತು, ಅಷ್ಟೇ.
ಗಾಜು ಮರೆತರೆ ಮನೆಗೆ ನಿನ್ನ ಬೂಟು ಮಾತ್ರ ಬರುತ್ತವೆ.

ಜಾಮಿನ ಬಾಟಲಿಗೆ ಆ ನೀರು ಸುರಿದು
ಅವನ ಕಣ್ಣ ಮಟ್ಟಕ್ಕೆ ಹಿಡಿದೆ.
ಏನೂ ಹೇಳಲಿಲ್ಲ.
ರೇಡಿಯೋದೊಳಗೆ ಯಾರೋ ಔಟಾದರು.

"ಥೂ," ಅಂದ ಮೊದಲ ಗುಟುಕಿಗೆ,
"ಕುರಿ ನೆಕ್ಕೋ ಕಲ್ಲು."
ಎರಡನೆಯದಕ್ಕೆ ಬೈಗುಳ ಸಣ್ಣದಾಯಿತು.
ಒಪ್ಪಂದವಾಯಿತು: ಓವರಿಗೊಂದು ಗುಟುಕು,
ರನ್ ಬಾರದ ಓವರಿಗೆ ಎರಡು.
ಆಟ ನಿಧಾನವಿತ್ತು, ದೇವರ ದಯೆ.

ಚಾರ್ಟಿನಲ್ಲಿ ಬರೆದೆ: ನಾನೂರು ಎಂಎಲ್, ಬಾಯಿಯ ಮೂಲಕ.
ನಾಲ್ಕನೇ ಮನೆಗೆ ತಡವಾಗಿತ್ತು. ಚೀಲ ಎತ್ತಿದೆ.
"ಶ್ಯಾರನ್, ನಿನ್ನ ಗಾಜೆಷ್ಟು?"
ನನ್ನ ಒಡೆದ ತುಟಿ ನೋಡುತ್ತಿದ್ದ.
ಬೆಳಗಿನ ಏಳಕ್ಕೆ ತುಂಬಿಸಿದ ನನ್ನ ಬಾಟಲಿ
ಕಾರಿನಲ್ಲಿ ಚಹಾ ಸೋಸುವಷ್ಟು ಕಾದಿತ್ತು, ಮುಚ್ಚಳ ತೆಗೆದಿರಲಿಲ್ಲ.

ನಡುಗುವ ಕೈಯಲ್ಲಿ ಮಗ್ಗಿಗೆ ಸುರಿದ,
ಅರ್ಧ ಮೇಜಿನ ಮೇಲೆ ಚೆಲ್ಲಿತು.
ನಿಂತೇ ಕುಡಿದೆ.
ಸಕ್ಕರೆ ಒಂದು ಚಮಚ ಹೆಚ್ಚಾಗಿತ್ತು.
ಅವ್ವ ಇದ್ದಿದ್ದರೆ ಬೈಯುತ್ತಿದ್ದಳು.